ಹಾಡು ಶುರುವಾಗುವ ಮುಂಚಿನ ದನಿ

ಕಳೆದ ತಿಂಗಳು ಮದರಾಸಿನ ಶೋಳಿಂಗನಲ್ಲೂರಿನಿಂದ ಮನೆಗೆ ಬರುವ ಆಫೀಸಿನ ಕ್ಯಾಬಿನಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಇಯರ್‌ಫೋನ್ ಒಂದು ಕಿವಿಯಿಂದ ಜಾರಿ ಭುಜದ ಮೇಲೆ ಬಿತ್ತು. ಅದರೊಳಗಿಂದ ಸಣ್ಣಗೆ ಸೋರುತ್ತಿದ್ದದ್ದು ನನಗೂ ಗೊತ್ತಿರುವ ಹಳೆಯ ಸಿನಿಮಾ ಹಾಡು. ಬಣ್ಣದ ದೀಪಗಳು ಗಿರಗಿರ ತಿರುಗುವ, ನಾಯಕ ಮಿರುಗುವ ಅಂಗಿ ತೊಟ್ಟು ಬರುವ ಕಾಲದ್ದು. ಹುಡುಗಿ ಹಾಸನದ ಕಡೆಯವಳು, ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿಲ್ಲ. ಇದು ನಿನ್ನ ಕಾಲದ್ದಲ್ಲವಲ್ಲ ಎಂದೆ. ಅಮ್ಮನ ಫೇವರಿಟ್ ಸರ್, ಈಗ ನನ್ನದೂ ಅದೇ ಎಂದಳು. ಯಾಕೆ ಇಷ್ಟ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಸ್ವಲ್ಪ ಯೋಚಿಸಿದಳು.

"ಈಗಿನ ಹಾಡು ಕೇಳಿದ್ರೆ ನನ್ನ ಬಗ್ಗೆನೇ ಯೋಚ್ನೆ ಬರತ್ತೆ ಸರ್. ಇದನ್ನ ಕೇಳಿದ್ರೆ ಏನೂ ಯೋಚ್ನೆ ಬರಲ್ಲ. ಆರಾಮಾಗಿರತ್ತೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅವಳ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದೆ. ಆದರೆ ಆ ಆರಾಮ ನನಗೆ ಈಗ ಇಲ್ಲ. ಅದು ಹೇಗೆ ಹೋಯಿತು ಅನ್ನುವುದನ್ನು ನಿಮಗೆ ಹೇಳಬೇಕು ಅನ್ನಿಸುತ್ತಿದೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಮನೆ ಆಗ ಮಾಂಬಲದಲ್ಲಿತ್ತು. ಟಿ. ನಗರದ ರೇಷ್ಮೆ ಅಂಗಡಿಗಳಿಗೆ ಬಂದ ಮೈಸೂರಿನ ನೆಂಟರೆಲ್ಲ ಕಾಲುನೋವಿನ ನೆಪದಲ್ಲಿ ಬಂದು ಕೂರುವಷ್ಟು ಹತ್ತಿರ. ಅಪ್ಪ ಮೈಸೂರಿನಿಂದ ಮದರಾಸಿಗೆ ಬಂದದ್ದು ಕನ್ನಡ ಸಿನಿಮಾ ಪೋಸ್ಟರು ಅಚ್ಚುಹಾಕುವ ಒಂದು ಪ್ರೆಸ್ಸಿನಲ್ಲಿ ಅಕ್ಷರದ ತಪ್ಪು ತಿದ್ದುವ ಕೆಲಸಕ್ಕೆ. ಕನ್ನಡ ಸಿನಿಮಾದವರೆಲ್ಲ ಹಾಡಿಗೆ, ಎಡಿಟಿಂಗಿಗೆ, ಎಲ್ಲದಕ್ಕೂ ಮದರಾಸಿಗೇ ಬರುತ್ತಿದ್ದ ಕಾಲ ಅದು. ಅಮ್ಮನಿಗೆ ಮದುವೆಗೆ ಮುಂಚೆ ಸ್ವಲ್ಪ ಸಂಗೀತವಾಗಿತ್ತು. ಪ್ರೆಸ್ಸಿಗೆ ಬರುತ್ತಿದ್ದ ಯಾರೋ ಒಬ್ಬರು ಅಪ್ಪನ ಹತ್ತಿರ ಮಾತಾಡಿ ಅವಳನ್ನು ಒಂದು ರೆಕಾರ್ಡಿಂಗಿಗೆ ಕರೆಸಿದರು. ಹಾಗೆ ಅಮ್ಮ ಕೋರಸ್ ಹಾಡುವವಳಾದಳು. ಐದು ವರ್ಷ ಹಾಡಿದಳು. ನಾನು ಹುಟ್ಟುವ ಹೊತ್ತಿಗೆ ಬಿಟ್ಟಳು.

ಮೈಸೂರಿನ ನೆಂಟರು ನೀನು ಯಾವ ಹಾಡು ಹಾಡಿದ್ದೀಯೇ ಎಂದು ಕೇಳಿದರೆ ಅವಳು, ಹಾಡು ಹಾಡಿಲ್ಲ, ಹಾಡಿನ ಹಿಂದೆ ಹಾಡಿದ್ದೀನಿ ಎನ್ನುತ್ತಿದ್ದಳು. ಅವರು ಅಲ್ಲಿಗೆ ಆಸಕ್ತಿ ಕಳೆದುಕೊಂಡು ಸೀರೆಯ ಮಾತಿಗೆ ತಿರುಗುತ್ತಿದ್ದರು. ನನಗೂ ಅಷ್ಟೇ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪ್ಲಸ್ ಟೂ ಓದುತ್ತಿದ್ದಾಗ ಅಮ್ಮ ಹಳೆಯ ಕ್ಯಾಸೆಟ್ ಹಾಕಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದೆ. ಆಚೆ ಮನೆಯ ಹುಡುಗರಿಗೆ ಕೇಳಿಸೀತು ಎಂಬ ನಾಚಿಕೆ. ಆಮೇಲೆ ನಾಲ್ಕು ವರ್ಷದಲ್ಲಿ ಕಾಲ ಎಷ್ಟು ತಿರುಗಿತೆಂದರೆ, ಅದೇ ಕಿಟಕಿಯನ್ನು ನಾನೇ ತೆರೆದಿಟ್ಟು ಅದೇ ಕ್ಯಾಸೆಟ್ಟನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕುತ್ತಿದ್ದೆ.

ಅದು ರೀಮಿಕ್ಸಿನ ಹುಚ್ಚು ಹಿಡಿದಿದ್ದ ಸಮಯ. ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಪ್ಪತ್ತು ಎಂಬತ್ತರ ಹಾಡು ಗೊತ್ತಿಲ್ಲದವನು ಮನುಷ್ಯನೇ ಅಲ್ಲ. ಕಲ್ಚರಲ್ಸ್ ಬಂತೆಂದರೆ ಒಂದು ಸಂಜೆ ಪೂರ್ತಿ ರೆಟ್ರೋ. ನಾನು ಟ್ರಂಕಿನ ತಳದಿಂದ ಅಪ್ಪನ ಮದುವೆಯ ಕಾಲದ ಬೆಲ್ ಬಾಟಮ್ ಹೊರತೆಗೆದು, ಟಿ. ನಗರದ ಒಬ್ಬ ಟೈಲರನ ಹತ್ತಿರ ಸೊಂಟ ಸರಿಮಾಡಿಸಿಕೊಂಡು, ಅದನ್ನು ಹಾಕಿಕೊಂಡು ಸೈಕಲ್ಲಿನಲ್ಲಿ ಹೊರಟೆ. ಆ ಪ್ಯಾಂಟು ಹೊಲಿದವರಿಗೆ ಸೈಕಲ್ ಚೈನಿನ ಕಲ್ಪನೆ ಇದ್ದಂತಿರಲಿಲ್ಲ. ಜನ ತುಂಬಿದ ಬೀದಿಯ ನಡುವೆ ನಾನು ಬಿದ್ದೆ. ಒಬ್ಬ ಹೂವಿನ ಅಜ್ಜಿ ನನ್ನ ಕಾಲನ್ನು ಚೈನಿನಿಂದ ಬಿಡಿಸುತ್ತಾ, ನಿಮ್ಮಪ್ಪನ ಪ್ಯಾಂಟಾ ಕಣ್ಣಾ ಎಂದು ಕೇಳಿದಳು. ಹೇಗೆ ಗೊತ್ತಾಯಿತೋ.

ಆ ವರ್ಷಗಳಲ್ಲಿ ಒಂದು ಹಾಡಂತೂ ಎಲ್ಲೆಲ್ಲೂ ಇತ್ತು. ಹೆಸರು ಬೇಡ ಬಿಡಿ. ಹಳೆಯ ತಮಿಳು ಚಿತ್ರದ್ದು. ಡ್ರಮ್ಮು ಗಿಟಾರು ಶುರುವಾಗುವ ಮುಂಚೆ ಅದರಲ್ಲಿ ಒಂದು ಹೆಣ್ಣುದನಿಯ ಹಮ್ಮಿಂಗ್ ಬರುತ್ತದೆ, ಎಂಟು ಸೆಕೆಂಡು ಅಷ್ಟೇ. ಮಾತಿಲ್ಲ. ಯಾರೋ ಬಾಗಿಲ ಸಂದಿಯಿಂದ ಒಳಗೆ ಇಣುಕಿ ಬರಲೋ ಬೇಡವೋ ಎಂದು ಕೇಳುವ ಹಾಗಿರುತ್ತದೆ. ರೀಮಿಕ್ಸಿನವರು ಮುಖ್ಯ ಗಾಯಕರನ್ನು ಅತ್ತ ಸರಿಸಿ ಆ ಹಮ್ಮಿಂಗನ್ನೇ ಮತ್ತೆ ಮತ್ತೆ ತಿರುಗಿಸಿದ್ದರು. ನಾವೆಲ್ಲ ಅದಕ್ಕೇ ಮರುಳಾಗಿದ್ದೆವು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಾರ್ತಿಕ್ ಎಂಬ ಗೆಳೆಯ ಆ ದನಿ ಯಾರದ್ದಿರಬಹುದು ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ, ಕ್ಯಾಸೆಟ್ಟಿನ ಮೇಲೆ ಹೆಸರಿಲ್ಲ. ನಾನು, ಆ ಕಾಲದಲ್ಲಿ ನಮ್ಮಮ್ಮ ಕೋರಸ್ ಹಾಡುತ್ತಿದ್ದಳು, ಅವಳದ್ದೂ ಇರಬಹುದು ಎಂದೆ. ನೋಡಿ, 'ಇರಬಹುದು' ಎಂದೇ ಹೇಳಿದ್ದೆ. ಮೂರು ದಿನದಲ್ಲಿ ಅದು 'ಇರಬೇಕು' ಆಯಿತು. ವಾರ ಕಳೆಯುವಷ್ಟರಲ್ಲಿ ಆ ಹಮ್ಮಿಂಗ್ ನಮ್ಮಮ್ಮನದೇ ಎಂದು ಇಡೀ ಕಾಲೇಜಿಗೆ ಗೊತ್ತಾಗಿತ್ತು. ಮಾತು ಹೀಗೆ ಬೆಳೆಯುವಾಗ ನಾನು ತಡೆಯಲಿಲ್ಲ. ಅಮ್ಮನನ್ನು ಕೇಳಲೂ ಇಲ್ಲ. ಕೇಳಿದರೆ ಅಲ್ಲ ಎಂದುಬಿಟ್ಟಾಳು ಎಂಬ ಭಯ ಎಲ್ಲೋ ಇತ್ತು. ನನ್ನ ಪಾಲಿಗೆ ಒಂದು ಸಾಕ್ಷಿಯೂ ಇತ್ತು: ರೇಡಿಯೋದಲ್ಲಿ ಆ ಹಾಡು ಬಂದರೆ ಅಮ್ಮ ತಿರುಗುತ್ತಿದ್ದ ಮಿಕ್ಸಿಯನ್ನು ನಿಲ್ಲಿಸುತ್ತಿದ್ದಳು. ಹಮ್ಮಿಂಗ್ ಮುಗಿದು ಡ್ರಮ್ಮು ಶುರುವಾದ ಮೇಲೆ ಮತ್ತೆ ಹಾಕುತ್ತಿದ್ದಳು. ತನ್ನ ದನಿಯಲ್ಲದಿದ್ದರೆ ಯಾರಾದರೂ ಚಟ್ನಿಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆಯೇ?

ಕಾಲೇಜು ಮುಗಿಯಿತು. ನಾನು ಪೆರುಂಗುಡಿಯ ಒಂದು ಕಂಪನಿಗೆ ಸೇರಿದೆ. ಕಾರ್ತಿಕ್ ಊರಿನಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಎಫ್‌ಎಂ ರೇಡಿಯೋದಲ್ಲಿ ಮಾತಾಡುವ ಕೆಲಸಕ್ಕೆ ಹೋದ. ಅವನಿಗೆ ಬೆಳಿಗ್ಗೆ ಹನ್ನೊಂದರ ಹಳೆಯ ಹಾಡಿನ ಕಾರ್ಯಕ್ರಮ ಕೊಟ್ಟಿದ್ದರು. ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದೆಂದರೆ ನನಗೆ ಫೋನ್ ಮಾಡಿ ಅಮ್ಮನನ್ನು ಕರೆದುಕೊಂಡು ಬಾ ಎಂದದ್ದು. ನೇರಪ್ರಸಾರ, ಹತ್ತೇ ನಿಮಿಷ ಎಂದ.

ಅಮ್ಮ ಮೊದಲು ಒಪ್ಪಲಿಲ್ಲ. ಕೋರಸ್ಸಿನವರನ್ನು ಯಾರು ಕೇಳುತ್ತಾರೆ ಎಂದಳು. ಹಳೆಯ ಕಾಲದ ರೆಕಾರ್ಡಿಂಗ್ ಬಗ್ಗೆ ನಾಲ್ಕು ಮಾತು ಹೇಳಿದರೆ ಸಾಕಂತೆ ಎಂದು ನಾನು ಒಪ್ಪಿಸಿದೆ. ಹಮ್ಮಿಂಗಿನ ಮಾತು ಎತ್ತಲೇ ಇಲ್ಲ. ಹೊರಡುವ ದಿನ ಅವಳು ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಬಂದಳು. ರೇಡಿಯೋದಲ್ಲಿ ಸೀರೆ ಯಾರಿಗೆ ಕಾಣುತ್ತದೆ ಎಂದು ಅಪ್ಪ ನಕ್ಕರು. ಮೈಕಿನ ಮುಂದೆ ಹಾಗೆಲ್ಲ ಹೋಗಬಾರದು ಎಂದಳು ಅಮ್ಮ.

ಸ್ಟುಡಿಯೋ ನೋಡಿ ಅವಳಿಗೆ ಆಶ್ಚರ್ಯವಾಯಿತು. ಇಷ್ಟು ಸಣ್ಣ ಕೋಣೆಯಲ್ಲಿ ಉಳಿದವರೆಲ್ಲ ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿದಳು. ಅವಳ ಕಾಲದಲ್ಲಿ ಮೂವತ್ತು ನಲವತ್ತು ಜನ ಒಂದೇ ಹಾಲಿನಲ್ಲಿ ಇರುತ್ತಿದ್ದರಂತೆ. ಯಾರಾದರೂ ಒಬ್ಬರು ಕೆಮ್ಮಿದರೂ ಎಲ್ಲರೂ ಮತ್ತೆ ಮೊದಲಿನಿಂದ. ಇದನ್ನೆಲ್ಲ ಅವಳು ಕಾರ್ತಿಕನಿಗೆ ತಮಿಳಿನಲ್ಲಿ ಬಹಳ ಚೆನ್ನಾಗಿ ಹೇಳಿದಳು. ನಾನು ಗಾಜಿನ ಆಚೆ ನಿಂತು ಹೆಮ್ಮೆಯಿಂದ ಕೇಳುತ್ತಿದ್ದೆ. ಆಮೇಲೆ ಕಾರ್ತಿಕ್ ಆ ಎಂಟು ಸೆಕೆಂಡು ಹಾಕಿದ. ಇದು ಯಾರ ದನಿ ಎಂದು ಊರಿಗೇ ಕುತೂಹಲ, ಇವತ್ತು ಆ ದನಿ ನಮ್ಮೆದುರಿಗೇ ಕೂತಿದೆ, ಅಲ್ಲವಾಮ್ಮ ಎಂದ.

ಅಮ್ಮ ನನ್ನ ಕಡೆ ನೋಡಿದಳು. ನಾನು ಹೌದೆನ್ನು ಎಂದು ತಲೆಯಾಡಿಸಿದೆ. ಅವಳು ಕಾರ್ತಿಕನ ಕಡೆ ತಿರುಗಿ, ಇನ್ನೊಂದು ಸಲ ಹಾಕುತ್ತೀಯಾ ಎಂದಳು. ಅವನು ಹಾಕಿದ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಇದು ನನ್ನ ದನಿ ಅಲ್ಲಪ್ಪ," ಎಂದಳು. "ಇದು ವನಜಾದು. ನಾನು ಪಕ್ಕದಲ್ಲಿ ನಿಂತಿದ್ದೆ."

ಇಬ್ಬರೂ ಒಂದೇ ಮೈಕಿನ ಮುಂದೆ ಹಾಡಬೇಕಾಗಿತ್ತಂತೆ. ಆ ದಿನ ಅಮ್ಮನಿಗೆ ಗಂಟಲು ಕಟ್ಟಿತ್ತು. ಎರಡು ಟೇಕ್ ಕೆಟ್ಟವು. ಸಂಗೀತ ನಿರ್ದೇಶಕರು ಅಮ್ಮನನ್ನು ಬಾಯಿ ಮುಚ್ಚಿಕೊಂಡು ನಿಲ್ಲಲು ಹೇಳಿ, ವನಜಾ ಒಬ್ಬಳಿಂದಲೇ ಹಾಡಿಸಿದರು. ಅಮ್ಮನಿಗೆ ಅವಮಾನವಾಗಬಾರದೆಂದು ವನಜಾ ಹಾಡುವಷ್ಟು ಹೊತ್ತೂ ಇವಳ ಕೈ ಹಿಡಿದುಕೊಂಡೇ ಇದ್ದಳಂತೆ. ಕೋಲಾರದ ಹುಡುಗಿ, ಈಗ ಎಲ್ಲಿದ್ದಾಳೋ, ವನಜಾ, ನೀನು ಕೇಳುತ್ತಿದ್ದರೆ ಚೆನ್ನಾಗಿರು ಎಂದು ಅಮ್ಮ ಮೈಕಿಗೆ ಹೇಳಿದಳು. ಕಾರ್ತಿಕ್ ಜಾಹೀರಾತು ಹಾಕಿದ.

ಮನೆಗೆ ಬರುವ ಆಟೋದಲ್ಲಿ ನಾನು ಮಾತಾಡಿದ ರೀತಿ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಊರೆದುರು ನನ್ನ ಮರ್ಯಾದೆ ತೆಗೆದೆ ಎಂದೆ. ಇಪ್ಪತ್ತೈದು ವರ್ಷದ ಹಿಂದಿನ ಮಾತು, ಆ ಹೆಂಗಸು ಬದುಕಿದ್ದಾಳೋ ಇಲ್ಲವೋ ಎಂದೆ.

"ಸುಮ್ಮಾ ಹೌದು ಅಂದುಬಿಡೋಕೆ ಏನಾಗಿತ್ತಮ್ಮ? ಯಾರಿಗೆ ಗೊತ್ತಾಗ್ತಿತ್ತು?"

"ಅವಳಿಗೆ ಗೊತ್ತಾಗ್ತಿತ್ತಲ್ಲೋ," ಎಂದಳು ಅಮ್ಮ. ಮತ್ತೆ ಮನೆ ಬರುವ ತನಕ ರೇಷ್ಮೆಯ ಸೆರಗನ್ನು ಮಡಿಸುತ್ತಾ ಬಿಡಿಸುತ್ತಾ ಕೂತಿದ್ದಳು.

ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಹುಡುಗುತನ ಎಂದು ನೀವು ಹೇಳಬಹುದು. ಇಪ್ಪತ್ತಮೂರು ವರ್ಷದ ಹುಡುಗುತನ ಅದು.

ಒಂದು ವಾರದ ಮೇಲೆ ಅಮ್ಮನೇ ಮಾತು ತೆಗೆದಳು. ವನಜಾ ಆಗ ಇದೇ ಊರಿನ ಸಾಲಿಗ್ರಾಮದಲ್ಲಿ ಒಂದು ಪಿಳ್ಳೆಯಾರ್ ಗುಡಿಯ ಹಿಂದಿನ ಬೀದಿಯಲ್ಲಿದ್ದಳು, ಹೋಗಿ ಕೇಳಿದರೆ ಯಾರಾದರೂ ಹೇಳಿಯಾರು, ಒಂದು ಸಲ ಕರೆದುಕೊಂಡು ಹೋಗುತ್ತೀಯಾ ಎಂದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನೀನೇ ಹೋಗಿ ಬಾ ಎಂದೆ. ಅವಳು ಒಪ್ಪಲಿಲ್ಲ. ಕೊನೆಯ ಸಲ ನೋಡಿದಾಗ ನೀನು ಹೊಟ್ಟೆಯಲ್ಲಿದ್ದೆ, ವನಜಾ ನನ್ನ ಹೊಟ್ಟೆ ಮುಟ್ಟಿ, ಇವನೂ ನಮ್ಮ ಮೈಕಿಗೇ ಬರಲಿ ಎಂದಿದ್ದಳು, ಅವಳಿಗೆ ನಿನ್ನನ್ನು ತೋರಿಸಬೇಕು ಎಂದಳು. ಸರಿ, ಮುಂದಿನ ಭಾನುವಾರ ಎಂದೆ.

ಆ ಮುಂದಿನ ಭಾನುವಾರ ಎರಡು ವರ್ಷದ ಮೇಲೆ ಬಂತು. ಏನೇನು ಕಾರಣ ಕೊಟ್ಟೆ ಎಂದು ಈಗ ಸರಿಯಾಗಿ ನೆನಪೂ ಇಲ್ಲ, ಅಷ್ಟು ಸಣ್ಣವು. ಒಂದು ಮಾತ್ರ ನೆನಪಿದೆ. ಒಂದು ಶನಿವಾರ ಹೋಗೋಣವಾ ಎಂದು ಅವಳು ಕೇಳಿದಾಗ ಕೆಲಸವಿದೆ ಎಂದಿದ್ದೆ. ಆ ದಿನ ನಮ್ಮ ಆಫೀಸಿನಲ್ಲಿ ರೆಟ್ರೋ ಪಾರ್ಟಿ ಇತ್ತು. ನಾನು ಅಂಟಿಸಿದ ಮೀಸೆ ಹಾಕಿಕೊಂಡು ಆ ಹಾಡಿಗೇ ಕುಣಿದೆ. ಹಮ್ಮಿಂಗ್ ಬಂದಾಗ ಎಲ್ಲರೂ ಕೈ ಮೇಲೆತ್ತಿ ಜೊತೆಗೆ ಹಾಡಿದೆವು.

ಕೊನೆಗೆ ಒಂದು ಹಬ್ಬದ ರಜೆಯಲ್ಲಿ ಹೊರಟೆವು. ಅಮ್ಮ ಒಂದು ಡಬ್ಬಿ ಒಬ್ಬಟ್ಟು ಕಟ್ಟಿಕೊಂಡಿದ್ದಳು. ಗುಡಿಯ ಹಿಂದಿನ ಬೀದಿಯಲ್ಲಿ ಮೂರು ಮನೆ ವಿಚಾರಿಸುವಷ್ಟರಲ್ಲಿ ವಿಳಾಸ ಸಿಕ್ಕಿತು. ಅಷ್ಟು ಸುಲಭ. ಕೆಳಗಿನ ಮನೆ, ಮುಂದೆ ಎರಡು ಇನ್‌ವರ್ಟರ್ ಬಿಚ್ಚಿಟ್ಟಿದ್ದವು. ರಿಪೇರಿ ಮಾಡುತ್ತಿದ್ದವನು ನನ್ನದೇ ವಯಸ್ಸಿನವನು. ಅಮ್ಮ ವನಜಾಳ ಹೆಸರು ಹೇಳಿದಾಗ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದುನಿಂತ. ತಾನು ಅವರ ಮಗ, ಅಮ್ಮ ಹೋಗಿ ಹತ್ತು ತಿಂಗಳಾಯಿತು ಎಂದು ತಮಿಳಿನಲ್ಲಿ ಹೇಳಿದ. ನೀವು ಯಾರು ಎಂದು ಕೇಳಿದ. ಅಮ್ಮ ತಾನು ಶಾರದಾ ಎಂದಳು, ಮೈಸೂರಿನವಳು, ಜೊತೆಗೆ ಹಾಡುತ್ತಿದ್ದವಳು. ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿ, ತಮಿಳು ಬಿಟ್ಟು ಕನ್ನಡಕ್ಕೆ ಬಂದ.

"ರೇಡಿಯೋದಲ್ಲಿ ಪೇಸಿದ್ದು ನೀವಾ?"

ಮಾತಾಡುವುದಕ್ಕೆ ಪೇಸುವುದು ಎನ್ನುವ ಮದರಾಸಿನ ಕನ್ನಡ. ತನ್ನ ಅಮ್ಮನ ಜೊತೆ ಮಾತ್ರ ಕನ್ನಡ ಆಡುತ್ತಿದ್ದನಂತೆ, ಅವಳು ಹೋದ ಮೇಲೆ ಬಾಯಿಗೆ ಬಂದದ್ದು ಇವತ್ತೇ ಎಂದ. ನಮ್ಮನ್ನು ಒಳಗೆ ಕೂರಿಸಿ ಅವನು ಹೇಳಿದ್ದನ್ನು ಇಲ್ಲಿ ಅವಸರ ಮಾಡದೆ ಹೇಳಬೇಕು.

ಆ ದಿನ ವನಜಾ ಆ ಕಾರ್ಯಕ್ರಮ ಕೇಳಿರಲಿಲ್ಲ. ಎದುರುಮನೆಯವರು ಕೇಳಿ, ಯಾರೋ ನಿಮ್ಮ ಹೆಸರು ಹೇಳಿದರು ಎಂದು ಬಂದು ತಿಳಿಸಿದರು. ಯಾರು ಎಂದು ಅವರಿಗೆ ಗೊತ್ತಿರಲಿಲ್ಲ. ಮೈಸೂರಿನವರಂತೆ ಎಂದರು. ವನಜಾ ಅದಾರು ಎಂದು ಮಗನಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಸಂಜೆ ನಾಲ್ಕಾದರೆ ತಲೆ ಬಾಚಿ, ಬೇರೆ ಸೀರೆ ಉಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಬಂದು ಕೂರುತ್ತಿದ್ದಳು. ಯಾಕೆ ಎಂದರೆ ಸೆಕೆ ಎನ್ನುತ್ತಿದ್ದಳು. ಹೀಗೆ ಒಂದು ಮೂರು ತಿಂಗಳು. ಆಮೇಲೆ ಬಿಟ್ಟುಬಿಟ್ಟಳು.

ನಾನು ನೆಲ ನೋಡುತ್ತಿದ್ದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವನಿಗೆ ತನ್ನ ತಾಯಿ ಹಾಡುತ್ತಿದ್ದಳು ಎನ್ನುವುದು ಗೊತ್ತಿತ್ತು, ಯಾವುದನ್ನು ಎಂದು ಗೊತ್ತಿರಲಿಲ್ಲ. ಅಮ್ಮ ಹಾಡಿನ ಹೆಸರು ಹೇಳಿದಳು. ಅವನ ಮುಖ ಒಂಥರಾ ಆಯಿತು. ಅದು ಅವನಿಗೂ ಇಷ್ಟದ ಹಾಡೇ. ರೇಡಿಯೋದಲ್ಲಿ ಬಂದರೆ ದೊಡ್ಡದು ಮಾಡುತ್ತಿದ್ದನಂತೆ. ಒಳಗಿನಿಂದ ಅವಳು ಸಣ್ಣದು ಮಾಡು ಎನ್ನುತ್ತಿದ್ದಳಂತೆ. ಹಳೆಯ ಹಾಡು ಅವಳಿಗೆ ಹಿಡಿಸುವುದಿಲ್ಲ ಎಂದುಕೊಂಡಿದ್ದೆ ಎಂದ.

ಆ ಹಾಡು ನನ್ನ ಫೋನಿನಲ್ಲಿತ್ತು. ಹೇಳಲು ನಾಚಿಕೆಯಾಯಿತು, ಆದರೂ ತೆಗೆದು ಹಾಕಿದೆ. ಹಮ್ಮಿಂಗ್ ಮುಗಿದು ಡ್ರಮ್ಮು ಶುರುವಾದಾಗ ಅವನು ಸಾಕು ಎಂದು ಕೈಯೆತ್ತಿದ. ಮತ್ತೆ ಮೊದಲಿನಿಂದ ಹಾಕಲು ಹೇಳಿದ. ನಾಲ್ಕು ಸಲ ಅಷ್ಟನ್ನೇ ಕೇಳಿದ.

"ನಮ್ಮಮ್ಮ ಇಷ್ಟು ಸಣ್ಣೋಳಾಗಿದ್ಲು ಅಂತ ನನಗೆ ತೋಚಿರ್ಲೇ ಇಲ್ಲ," ಎಂದ.

ವನಜಾ ಹಾಡುವಾಗ ಎಷ್ಟು ವಯಸ್ಸು ಎಂದು ಅಮ್ಮನನ್ನು ಕೇಳಿದ. ಇಪ್ಪತ್ತೆರಡು ಎಂದಳು ಅಮ್ಮ. ನಮ್ಮಿಬ್ಬರಿಗಿಂತಲೂ ಚಿಕ್ಕವಳು. ಒಬ್ಬಟ್ಟಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟು ನಾವು ಎದ್ದೆವು. ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಊರು ನೋಡುತ್ತಿದ್ದಳು. ತಪ್ಪಾಯಿತಮ್ಮ ಎಂದೆ. ಸರಿಯಾಗಿ ಕೇಳಿಸಲಿಲ್ಲವೋ ಏನೋ, ಅವಳು, ಹುಡುಗ ಚೆನ್ನಾಗಿ ಕನ್ನಡ ಮಾತಾಡುತ್ತಾನೆ, ವನಜಾ ಬಿಡದೆ ಕಲಿಸಿದ್ದಾಳೆ ಎಂದಳು. ನನ್ನನ್ನು ಅವಳು ಆ ದಿನವೂ ಬೈಯಲಿಲ್ಲ, ಮುಂದೆಂದೂ ಬೈಯಲಿಲ್ಲ.

ಎಳೆಯರು ಯಾಕೆ ಅಪ್ಪ ಅಮ್ಮನ ಕಾಲದ ಹಾಡಿಗೆ ಹೀಗೆ ಬೀಳುತ್ತಾರೆ ಎಂದು ಪತ್ರಿಕೆಗಳಲ್ಲಿ ಆಗಾಗ ಬರೆಯುತ್ತಾರೆ. ರಾಗ ಚೆನ್ನಾಗಿತ್ತು, ಮಾತು ಸ್ಪಷ್ಟವಿತ್ತು, ವಾದ್ಯ ನಿಜವಾದದ್ದಿತ್ತು ಎನ್ನುತ್ತಾರೆ. ಇರಬಹುದು. ನನಗೆ ನನ್ನ ವಿಷಯ ಮಾತ್ರ ಗೊತ್ತು. ನಾನು ಬದುಕದೇ ಇದ್ದ ಕಾಲಕ್ಕೆ ಹಂಬಲಿಸುವುದು ಬಹಳ ಸುಲಭವಾಗಿತ್ತು, ಯಾಕೆಂದರೆ ಅಲ್ಲಿ ನಾನು ಮಾಡಿದ ತಪ್ಪು ಒಂದೂ ಇರಲಿಲ್ಲ. ಆ ಕಾಲದ ಪ್ಯಾಂಟು ಬೇಕಿತ್ತು, ಮೀಸೆ ಬೇಕಿತ್ತು, ದನಿ ಬೇಕಿತ್ತು. ಆ ದನಿಯವಳು ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ತಲೆ ಬಾಚಿ ಕೂತಿದ್ದಾಗ ನನಗೆ ಬಿಡುವಿರಲಿಲ್ಲ.

ಈಗ ಅಪ್ಪ ಇಲ್ಲ. ಅಮ್ಮ ನಮ್ಮ ಜೊತೆ ಪೆರುಂಗುಡಿಯ ಫ್ಲ್ಯಾಟಿನಲ್ಲಿದ್ದಾಳೆ. ಒಂದು ಕಿವಿ ಮಂದವಾಗಿದೆ. ಕ್ಯಾಬಿನ ಹುಡುಗಿಯ ಜೊತೆ ಮಾತಾದ ಆ ಸಂಜೆ, ಅಮ್ಮ ಕಾಫಿ ಕುಡಿಯುತ್ತಿದ್ದಾಗ, ನಿನ್ನ ಜೊತೆಯವರು ಇನ್ನು ಯಾರಾದರೂ ಇದ್ದಾರಾ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ, ಧೈರ್ಯವಾಗಿರಲಿಲ್ಲ. ಅವಳು ಲೋಟ ಕೆಳಗಿಟ್ಟು ಯೋಚಿಸಿದಳು. ಟ್ಯಾಂಬೊರಿನ್ ನುಡಿಸುತ್ತಿದ್ದ ಜೋಸೆಫ್ ಎಂಬವರೊಬ್ಬರು ಪೆರಂಬೂರಿನಲ್ಲಿ ಇರಬೇಕು, ತುಂಬಾ ವಯಸ್ಸಾಗಿರುತ್ತದೆ ಎಂದಳು. ಯಾವಾಗಲಾದರೂ ಬಿಡುವಾದಾಗ ನೋಡೋಣ ಎಂದಳು. ನಾನು ಅಲ್ಲಿಯೇ ಕೂತು ಆಫೀಸಿಗೆ ರಜೆಯ ಮೆಸೇಜು ಹಾಕಿದೆ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಪೆರಂಬೂರಿನಲ್ಲಿದ್ದೆವು. ಎರಡು ಚರ್ಚು, ಒಂದು ಬೇಕರಿ ವಿಚಾರಿಸಿ ಮಧ್ಯಾಹ್ನದ ಹೊತ್ತಿಗೆ ಮನೆ ಸಿಕ್ಕಿತು.

ಅವರ ಮಗಳು ನಮ್ಮನ್ನು ಒಳಗೆ ಕರೆದಳು. ಜೋಸೆಫ್ ಕಿಟಕಿಯ ಬಳಿ ಆರಾಮಕುರ್ಚಿಯಲ್ಲಿದ್ದರು. ಕಣ್ಣು ಸರಿಯಾಗಿ ಕಾಣುವುದಿಲ್ಲ, ನೆನಪೂ ಹಿಂದೆ ಮುಂದೆ ಆಗುತ್ತದೆ ಎಂದು ಮಗಳು ಮೊದಲೇ ಹೇಳಿದ್ದಳು. ಅಪ್ಪ, ನಿನ್ನ ಜೊತೆ ಸ್ಟುಡಿಯೋದಲ್ಲಿ ಹಾಡುತ್ತಿದ್ದವರು ಬಂದಿದ್ದಾರೆ ಎಂದಳು. ಅವರು ಕೈ ಮುಂದೆ ಚಾಚಿದರು. ಅಮ್ಮ ಆ ಕೈ ಹಿಡಿದುಕೊಂಡು ಎದುರಿಗೆ ಕೂತಳು. ಮುದುಕರು ಅವಳ ಮುಖದ ಹತ್ತಿರಕ್ಕೆ ಬಾಗಿ ಬಹಳ ಹೊತ್ತು ನೋಡಿದರು.

"ವನಜಾ?" ಎಂದರು.

ಅಮ್ಮ ಒಂದು ಸಲ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಲಿಲ್ಲ, ಏನೂ ಮಾಡಲಿಲ್ಲ.

"ಹೌದಣ್ಣ, ವನಜಾನೇ," ಎಂದಳು ತಮಿಳಿನಲ್ಲಿ.

ಅವರ ಮುಖ ಬೆಳಗಿತು. ಬರುತ್ತೀಯ ಎಂದು ಗೊತ್ತಿತ್ತು ಎಂದರು. ನಿನ್ನಂಥ ದನಿ ಆಮೇಲೆ ಕೇಳಲಿಲ್ಲ ಎಂದರು. ಅಮ್ಮ ಎಲ್ಲಕ್ಕೂ ಹೂಂ ಎನ್ನುತ್ತಾ, ತನ್ನದಲ್ಲದ ಹೊಗಳಿಕೆಯನ್ನು ಒಂದನ್ನೂ ಕೆಳಗೆ ಬೀಳಿಸದೆ ತೆಗೆದುಕೊಂಡಳು. ಆಮೇಲೆ ಅವರಿಗೆ ಏನೋ ನೆನಪಾಗಿ, ಧ್ವನಿ ತಗ್ಗಿಸಿ ಕೇಳಿದರು.

"ನಿನ್ನ ಪಕ್ಕದಲ್ಲಿ ನಿಲ್ತಿದ್ಲಲ್ಲ, ಆ ಮೈಸೂರು ಹುಡುಗಿ. ಅವಳು ಏನಾದ್ಲು?"

ಅಮ್ಮ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡಳು.

"ಚೆನ್ನಾಗಿದ್ದಾಳೆ ಅಣ್ಣ," ಎಂದಳು. "ಮಗನ ಜೊತೆ ಇದ್ದಾಳೆ."